ಹಿಮ ಬೀಳುವ ಮುನ್ನ ಸೋಸನ್‌ನ ಪಾಲು

ಕಾಶ್ಮೀರಕ್ಕೆ ಹೋಗುವವರು ಸಾಮಾನ್ಯವಾಗಿ ಎಪ್ರಿಲ್‌ನಲ್ಲಿ ಟುಲಿಪ್ ಹೂಗಳನ್ನು ನೋಡಲು ಹೋಗುತ್ತಾರೆ. ಇಲ್ಲವೇ ಜನವರಿಯಲ್ಲಿ ಹಿಮ ನೋಡಲು ಹೋಗುತ್ತಾರೆ. ನಾವು ಹೋದದ್ದು ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ. ಆಗ ಟುಲಿಪ್ ಇರುವುದಿಲ್ಲ, ಹಿಮವೂ ಇರುವುದಿಲ್ಲ. "ಈ ಕಾಲದಲ್ಲಿ ಅಲ್ಲಿ ನೋಡಲು ಏನಿದೆ ಉಮ್ಮಾ?" ಎಂದು ಮಗಳು ನಕ್ಕಿದ್ದಳು. ಮದ್ರಸಕ್ಕೆ ರಜೆ ಸಿಕ್ಕಿದ್ದು ಆಗಲೇ. ಅದಕ್ಕಿಂತ ಹೆಚ್ಚಾಗಿ, ನಮ್ಮನ್ನು ಕರೆದವರು ಆ ಕಾಲಕ್ಕೇ ಬನ್ನಿ ಎಂದು ಕರೆದಿದ್ದರು.

ಅವರನ್ನು ನಾನು ಆಪಾ ಎನ್ನುತ್ತೇನೆ. ಹಜ್ಜ್‌ಗೆ ಹೋಗಿದ್ದಾಗ ಮದೀನಾದ ಮಸ್ಜಿದುನ್ನಬವಿಯಲ್ಲಿ ಸ್ತ್ರೀಯರ ಸಫ್‌ನಲ್ಲಿ ನನ್ನ ಪಕ್ಕ ಕೂರುತ್ತಿದ್ದರು. ಅವರು ನಿವೃತ್ತ ಶಿಕ್ಷಕಿ, ನಾನು ಶಿಕ್ಷಕಿ. ಅವರ ಉರ್ದುವಿನಲ್ಲಿ ಕಾಶ್ಮೀರಿ ಬೆರೆಯುತ್ತಿತ್ತು, ನನ್ನ ಉರ್ದುವಿನಲ್ಲಿ ಕರಾವಳಿ ಬೆರೆಯುತ್ತಿತ್ತು. ಹೀಗೆ ಬೆಳೆದ ಸ್ನೇಹ ಫೋನಿನಲ್ಲಿ ಮುಂದುವರಿಯಿತು.

ಬೆಂಗಳೂರಿನಿಂದ ದಿಲ್ಲಿ, ದಿಲ್ಲಿಯಿಂದ ಶ್ರೀನಗರ. ವಿಮಾನ ನಿಲ್ದಾಣದಿಂದ ಹೊರಬಂದಾಗ ನಮ್ಮೂರಿನ ಡಿಸೆಂಬರ್‌ನ ಮುಂಜಾವಿನಂತಹ ತಂಪು. ದಾರಿಯುದ್ದಕ್ಕೂ ಭತ್ತದ ಕೊಯ್ಲು ನಡೆಯುತ್ತಿತ್ತು. ತೋಟಗಳಲ್ಲಿ ಮರದ ಪೆಟ್ಟಿಗೆಗಳಿಗೆ ಸೇಬು ತುಂಬುತ್ತಿದ್ದರು. ಮನೆಗಳ ಕಿಟಕಿಗಳಲ್ಲಿ ಕೆಂಪು ಮೆಣಸಿನ ಮಾಲೆಗಳು, ಜಗಲಿಯ ಮೇಲೆ ಒಣಗಲು ಹಾಕಿದ ಸೋರೆಕಾಯಿ, ಬದನೆ, ಟೊಮೆಟೊ ಹೋಳುಗಳು. ಈ ಋತುವಿಗೆ ಕಾಶ್ಮೀರಿಗಳು 'ಹರೂದ್' ಎನ್ನುತ್ತಾರೆ. ಮಳೆಗಾಲಕ್ಕೆ ಮುನ್ನ ನಾವು ಹಪ್ಪಳ, ಉಪ್ಪಿನಕಾಯಿ, ಒಣಮೀನು, ಸೌದೆ ಎಂದು ಓಡಾಡುವುದಿಲ್ಲವೇ? ಅಲ್ಲಿ ಅದೇ ಓಡಾಟ ಚಳಿಗಾಲಕ್ಕೆ ಮುನ್ನ ನಡೆಯುತ್ತದೆ.

ಆಪಾರ ಮನೆ ಇರುವುದು ಶ್ರೀನಗರದ ಹಳೆಯ ಪೇಟೆಯಲ್ಲಿ. ಜಾಮಿಅ ಮಸ್ಜಿದ್‌ನ ಅಝಾನ್ ಅಲ್ಲಿಗೆ ಚೆನ್ನಾಗಿ ಕೇಳಿಸುತ್ತದೆ. 1394ರಲ್ಲಿ ಸುಲ್ತಾನ್ ಸಿಕಂದರ್ ಕಟ್ಟಿಸಲು ಆರಂಭಿಸಿದ ಆ ಮಸೀದಿಯ ಮಾಡನ್ನು 378 ದೇವದಾರು ಮರದ ಕಂಬಗಳು ಹೊತ್ತು ನಿಂತಿವೆ. ಆಪಾರ ಮನೆಯೂ ಇಟ್ಟಿಗೆ ಮತ್ತು ಮರದ್ದೇ. ಮೂರು ಅಂತಸ್ತು, ಸಣ್ಣ ಸಣ್ಣ ಕಿಟಕಿಗಳು. ಹಿಂದುಗಡೆ ಗೋಡೆ ಕಟ್ಟಿದ ಒಂದು ಅಂಗಳ, ಅಂಗಳದ ಅಂಚಿನಲ್ಲಿ ಹೂದೋಟ.

ಮರುದಿನ ಬೆಳಿಗ್ಗೆ ಉಪ್ಪು ಹಾಕಿದ ಗುಲಾಬಿ ಬಣ್ಣದ ಚಹಾ ಮತ್ತು ಬೀದಿಯ ತಂದೂರಿನಿಂದ ತಂದ ಬಿಸಿ ರೊಟ್ಟಿ ತಿಂದಾದ ಮೇಲೆ ಆಪಾ ಫಿರನ್‌ನ ತೋಳು ಮಡಚಿಕೊಂಡರು.

"ಮೊಘಲರ ಉದ್ಯಾನಗಳನ್ನು ನಾಳೆ ನೋಡಬಹುದು ಬಹನ್. ಇವತ್ತು ನನಗೊಂದು ಕೆಲಸವಿದೆ. ಅಮ್ಮನ ಸೋಸನ್ ಪಾಲು ಮಾಡಬೇಕು" ಎಂದರು.

ಸೋಸನ್ ಎಂದರೆ ಇಂಗ್ಲಿಷಿನವರು ಐರಿಸ್ ಎನ್ನುವ ಹೂವು. ಮೂರು ಎಸಳು ಮೇಲಕ್ಕೆ ನಿಂತು, ಮೂರು ಎಸಳು ಕೆಳಕ್ಕೆ ಇಳಿಬಿಟ್ಟಿರುತ್ತದೆ. ಬಿಳಿ ಮತ್ತು ನೇರಳೆ ಬಣ್ಣದಲ್ಲಿ ಕಾಶ್ಮೀರದ ತುಂಬ ಎಪ್ರಿಲ್-ಮೇ ತಿಂಗಳಲ್ಲಿ ಅರಳುತ್ತದೆ. ನಾವು ಹೋದಾಗ ಹೂವಿರಲಿಲ್ಲ. ಕತ್ತಿಯಂತಹ ಎಲೆಗಳ ಒಂದು ದೊಡ್ಡ ಹಿಂಡು ಮಾತ್ರ ಗೋಡೆಯ ಬದಿಯಲ್ಲಿತ್ತು. ಅದರ ಅಂಚಿನಲ್ಲಿ ಹಸಿರಿತ್ತು. ನಡುವೆ ಮಾತ್ರ ಬೋಳು.

"ನೋಡು, ಎರಡು ವಸಂತ ಕಳೆಯಿತು, ಇದು ಸರಿಯಾಗಿ ಹೂ ಬಿಟ್ಟಿಲ್ಲ. ಅಮ್ಮ ಇರುವಾಗ ಮೂರು ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಕೀಳುತ್ತಿದ್ದರು. ಅವರು ಹೋದ ಮೇಲೆ ನನಗೆ ಮುಟ್ಟಲು ಮನಸ್ಸಾಗಲಿಲ್ಲ. ಅಮ್ಮ ನೆಟ್ಟದ್ದು ಹಾಗೆಯೇ ಇರಲಿ ಎಂದುಕೊಂಡೆ. ಹಾಗೆಯೇ ಇಟ್ಟದ್ದರಿಂದಲೇ ಅದು ಕೆಟ್ಟಿತು."

ಗುದ್ದಲಿಯಿಂದ ಸುತ್ತಲೂ ಮಣ್ಣು ಸಡಿಲಿಸಿ ಹಿಂಡನ್ನು ಮೇಲಕ್ಕೆತ್ತಿದರು. ಕೆಳಗೆ ನಮ್ಮ ಶುಂಠಿಯಂತಹ ಗಡ್ಡೆಗಳು. ಒಂದರ ಮೇಲೊಂದು ಹತ್ತಿಕೊಂಡು, ಹೆಣೆದುಕೊಂಡು ಬೆಳೆದಿದ್ದವು. ಸೋಸನ್‌ನ ಗಡ್ಡೆ ಒಮ್ಮೆ ಹೂ ಬಿಟ್ಟರೆ ಅದೇ ಗಡ್ಡೆಯಿಂದ ಮತ್ತೆ ಹೂ ಬರುವುದಿಲ್ಲ. ಅದರ ಎರಡೂ ಬದಿಗಳಲ್ಲಿ ಮರಿಗಳು ಮೂಡುತ್ತವೆ. ಮುಂದಿನ ಹೂ ಆ ಮರಿಗಳದ್ದು. ಮರಿಗೂ ಮರಿಗಳಾಗುತ್ತವೆ. ಹಿಂಡು ಹೊರಗೆ ಹೊರಗೆ ಹಬ್ಬುತ್ತದೆ, ನಡುವಿನ ಮುದಿ ಗಡ್ಡೆಗಳು ಕಟ್ಟಿಗೆಯಂತಾಗಿ ಜಾಗ ಹಿಡಿದು ಕೂರುತ್ತವೆ. ನೀರು, ಗೊಬ್ಬರ, ಬಿಸಿಲು ಯಾರಿಗೂ ಸಾಲುವುದಿಲ್ಲ. ಒಳಗೆ ಗಾಳಿಯಾಡದೆ ಕೊಳೆ ರೋಗ ಬರುತ್ತದೆ.

ಆಪಾ ಕೈಯಿಂದಲೇ ಗಡ್ಡೆಗಳನ್ನು ಬಿಡಿಸುತ್ತಾ ಹೋದರು. ಬಿಡದಿದ್ದಲ್ಲಿ ಚೂರಿ ಹಾಕಿದರು. ಒಂದೊಂದು ತುಂಡಿನಲ್ಲೂ ಗಟ್ಟಿಯಾದ ಎಳೆ ಗಡ್ಡೆ, ಒಂದಿಷ್ಟು ಬೇರು, ಬೀಸಣಿಗೆಯಂತಹ ಒಂದು ಎಲೆಗೊಂಚಲು ಇರಬೇಕು. ಮೆತ್ತಗಾದದ್ದು, ಟೊಳ್ಳಾದದ್ದು, ಕೆಟ್ಟ ವಾಸನೆ ಬರುವುದು ಎಲ್ಲವನ್ನೂ ಪ್ರತ್ಯೇಕ ರಾಶಿ ಹಾಕಿದರು. ಎಲೆಗಳನ್ನು ಗೇಣಿಗಿಂತ ಸ್ವಲ್ಪ ಕಡಿಮೆ ಉಳಿಸಿ ಕತ್ತರಿಸಿದರು. ಬೇರು ಮಣ್ಣು ಹಿಡಿಯುವ ಮೊದಲು ಉದ್ದ ಎಲೆ ನೀರನ್ನೆಲ್ಲ ಹೀರಿಬಿಡುತ್ತದೆ, ಗಾಳಿಗೆ ಅಲುಗಾಡಿ ಗಿಡವನ್ನೂ ಬೀಳಿಸುತ್ತದೆ ಎಂಬುದು ಅದಕ್ಕೆ ಕಾರಣ. ಕಡಿದ ಗಾಯಕ್ಕೆ ಸೌದೆಯ ಬೂದಿ ಸವರಿ ಎಲ್ಲವನ್ನೂ ಚಾಪೆಯ ಮೇಲೆ ಬಿಸಿಲಿಗೆ ಹರಡಿದರು. ಗಾಯ ಒಣಗದೆ ನೆಟ್ಟರೆ ಕೊಳೆಯುತ್ತದಂತೆ.

ಝುಹರ್ ನಮಾಝ್ ಆದ ಮೇಲೆ ನೆಡುವ ಕೆಲಸ. ನನಗೂ ಎರಡು ತುಂಡು ಕೊಟ್ಟರು. ನಮ್ಮ ಕಡೆ ಅರಸಿನ, ಶುಂಠಿ, ಸುವರ್ಣಗೆಡ್ಡೆ ಎಲ್ಲವನ್ನೂ ಮಣ್ಣಿನೊಳಗೆ ಮುಚ್ಚಿ ನೆಡುವುದು ತಾನೇ? ನಾನೂ ಹಾಗೆಯೇ ಗುಂಡಿ ತೋಡಿ, ಗಡ್ಡೆ ಇಟ್ಟು, ಮಣ್ಣು ಮುಚ್ಚಿ ಒತ್ತಿದೆ. ಆಪಾ ನೋಡಿ ನಕ್ಕುಬಿಟ್ಟರು.

"ನೀನು ಇದನ್ನು ದಫನ ಮಾಡಿಬಿಟ್ಟೆಯಲ್ಲ! ಇದಕ್ಕೆ ಬೆನ್ನ ಮೇಲೆ ಬಿಸಿಲು ಬೀಳಬೇಕು."

ನನ್ನ ಗುಂಡಿ ಬಿಚ್ಚಿ ಅವರು ತೋರಿಸಿಕೊಟ್ಟರು. ಗುಂಡಿಯ ನಡುವೆ ಮಣ್ಣಿನ ಒಂದು ದಿಣ್ಣೆ. ದಿಣ್ಣೆಯ ಮೇಲೆ ಗಡ್ಡೆಯನ್ನು ಕೂರಿಸುವುದು, ಬೇರುಗಳನ್ನು ಎರಡೂ ಬದಿಗೆ ಇಳಿಬಿಡುವುದು, ಬೇರಿನ ಮೇಲೆ ಮಾತ್ರ ಮಣ್ಣು ಮುಚ್ಚಿ ಒತ್ತುವುದು. ಗಡ್ಡೆಯ ಮೇಲ್ಭಾಗ ಮಣ್ಣಿನ ಮಟ್ಟದಲ್ಲಿ ಕಾಣುತ್ತಿರಬೇಕು. ಒಮ್ಮೆ ನೀರು ಹಾಕಿದರೆ ಸಾಕು, ಮತ್ತೆ ಮಣ್ಣು ತೀರಾ ಒಣಗಿದರೆ ಮಾತ್ರ. ಅತಿಯಾದ ಆರೈಕೆ ಮಾಡಿದರೆ ಅದು ಸಾಯುತ್ತದೆ.

"ವಸಂತದಲ್ಲಿ ಮಾಡಬಹುದಿತ್ತಲ್ಲ ಆಪಾ, ಚಳಿಗಾಲ ಬರುವಾಗ ಯಾಕೆ ಕಿತ್ತು ನೆಡುವುದು?" ಎಂದು ಕೇಳಿದೆ. ನಮಗೆ ಮಳೆ ಹಿಡಿಯುವಾಗ ನೆಟ್ಟು ಅಭ್ಯಾಸ. ಸಾಯುವ ಋತುವಿನ ಬಾಗಿಲಲ್ಲಿ ನೆಡುವುದು ನನಗೆ ವಿಚಿತ್ರವಾಗಿ ಕಂಡಿತ್ತು.

ಅವರು ಹೇಳಿದ್ದು ಇಷ್ಟು: ವಸಂತದಲ್ಲಿ ಹೂ ಬಿಡುವ ಗಿಡವನ್ನು ವಸಂತದಲ್ಲಿ ಕಿತ್ತರೆ ಆ ವರ್ಷದ ಹೂವನ್ನೇ ಕಿತ್ತಂತೆ. ಹೂವಿನ ಕಾಲ ಮುಗಿದು, ಬೇಸಿಗೆಯ ಬಿಸಿ ಇಳಿದ ಮೇಲೆ ಗಿಡದ ಶಕ್ತಿ ಕೆಳಗಿರುತ್ತದೆ. ಗಾಳಿ ತಂಪಾದರೂ ಮಣ್ಣಿನಲ್ಲಿ ಬೇಸಿಗೆಯ ಬಿಸಿ ಇನ್ನೂ ಉಳಿದಿರುತ್ತದೆ. ಬೇರು ಬಿಡಲು ಅದು ಒಳ್ಳೆಯ ಸಮಯ. ಆದರೆ ನೆಲ ಹೆಪ್ಪುಗಟ್ಟುವುದಕ್ಕೆ ಕನಿಷ್ಠ ಆರು ವಾರ ಮೊದಲಾದರೂ ಗಿಡ ಮಣ್ಣಿನಲ್ಲಿರಬೇಕು. ಇಲ್ಲದಿದ್ದರೆ ರಾತ್ರಿ ಮಣ್ಣಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಹಗಲು ಕರಗಿ ಇಳಿಯುತ್ತದೆ. ಹೀಗೆ ಉಬ್ಬಿ ಇಳಿದು, ಬೇರು ಹಿಡಿಯದ ಗಿಡವನ್ನು ನೆಲ ಮೆಲ್ಲ ಮೆಲ್ಲನೆ ಹೊರಗೆ ತಳ್ಳಿಬಿಡುತ್ತದೆ.

ಡಿಸೆಂಬರ್ 21ರಿಂದ ಕಾಶ್ಮೀರದಲ್ಲಿ 'ಚಿಲ್ಲೈ ಕಲಾನ್' ಆರಂಭ. ನಲ್ವತ್ತು ದಿನಗಳ ಘೋರ ಚಳಿ. ಅದರ ನಂತರ ಇಪ್ಪತ್ತು ದಿನಗಳ 'ಚಿಲ್ಲೈ ಖುರ್ದ್', ಮತ್ತೆ ಹತ್ತು ದಿನಗಳ 'ಚಿಲ್ಲೈ ಬಚ್ಚಾ'. ನಲ್ಲಿಯ ನೀರೂ ಹೆಪ್ಪುಗಟ್ಟುವ ದಿನಗಳವು. ಆದರೆ ಆ ಚಳಿ ಈ ಗಿಡಗಳ ಶತ್ರುವಲ್ಲ. ಚಳಿಯ ನಿದ್ರೆ ಸಿಗದಿದ್ದರೆ ಅವು ಹೂ ಬಿಡುವುದೇ ಇಲ್ಲ. ಬೇರು ಹಿಡಿಯಲು ಸಮಯ ಕೊಡದೆ ಚಳಿಗೆ ಒಡ್ಡುವುದು ಮಾತ್ರ ತಪ್ಪು.

ಎಲ್ಲ ಗಿಡಗಳಿಗೂ ಒಂದೇ ನಿಯಮವಲ್ಲ ಎಂದೂ ಆಪಾ ಹೇಳಿದರು. ಅವರ ತೋಟದಲ್ಲಿ ಪಿಯೋನಿ ಎಂಬ ದೊಡ್ಡ ಹೂವಿನ ಗಿಡವಿದೆ. ಅದನ್ನೂ ಈ ಋತುವಿನಲ್ಲೇ ಪಾಲು ಮಾಡುವುದು, ಆದರೆ ಸುಮ್ಮಸುಮ್ಮನೆ ಮುಟ್ಟಬಾರದು. ಪ್ರತಿ ತುಂಡಿಗೂ ಮೂರರಿಂದ ಐದು ಮೊಗ್ಗಿನ ಕಣ್ಣುಗಳಿರಬೇಕು. ಕಣ್ಣು ಎರಡು ಇಂಚಿಗಿಂತ ಆಳಕ್ಕೆ ಹೋದರೆ ಎಲೆ ಬರುತ್ತದೆಯೇ ಹೊರತು ಹೂ ಬರುವುದಿಲ್ಲ. ನೆಟ್ಟ ಮೇಲೆ ಎರಡು ಮೂರು ವರ್ಷ ಕಾಯಬೇಕು. ಸೇವಂತಿಗೆಯದ್ದು ಇದಕ್ಕೆ ವಿರುದ್ಧ. ಅದು ಹರೂದ್‌ನಲ್ಲಿ ಹೂ ಬಿಡುವಂಥದ್ದು, ಆದ್ದರಿಂದ ಅದನ್ನು ಬಿಡಿಸಿ ನೆಡುವುದು ವಸಂತದಲ್ಲಿ. "ಮಕ್ಕಳ ಹಾಗೆ ಬಹನ್, ಒಬ್ಬೊಬ್ಬರಿಗೂ ಒಂದೊಂದು ಸಮಯ" ಎಂದರು ನಲ್ವತ್ತು ಮಕ್ಕಳ ತರಗತಿಯನ್ನು ಮೂವತ್ತು ವರ್ಷ ನಡೆಸಿದ ಆಪಾ.

ಸಂಜೆ ಚಾಪೆಯ ಮೇಲೆ ಉಳಿದ ತುಂಡುಗಳನ್ನು ಆಪಾ ನಾಲ್ಕು ಹಳೆಯ ಪತ್ರಿಕೆಗಳಲ್ಲಿ ಕಟ್ಟಿದರು. ಅವರು ಇಬ್ಬರು ಸಹೋದರರು, ಇಬ್ಬರು ಸಹೋದರಿಯರು. ನಾಲ್ಕು ಕಟ್ಟುಗಳೂ ಸಮವಾಗಿದ್ದವು. ನನ್ನೊಳಗಿನ ಮದ್ರಸದ ಟೀಚರ್ ಸುಮ್ಮನಿರಲಿಲ್ಲ.

"ಆಪಾ, ಇಬ್ಬರು ಗಂಡು, ಇಬ್ಬರು ಹೆಣ್ಣು ಮಕ್ಕಳಿದ್ದರೆ ಆರು ಪಾಲಾಗಬೇಕಲ್ಲ? ಗಂಡು ಮಕ್ಕಳಿಗೆ ಎರಡೆರಡು, ಹೆಣ್ಣು ಮಕ್ಕಳಿಗೆ ಒಂದೊಂದು."

ಆಪಾ ಜೋರಾಗಿ ನಕ್ಕರು. "ಮನೆ, ಜಮೀನು ಆರು ಪಾಲೇ ಆಗಿದೆ. ಅಮ್ಮ ಹೋದ ನಲ್ವತ್ತು ದಿನದೊಳಗೆ ಅಣ್ಣನೇ ಎಲ್ಲರನ್ನೂ ಕೂರಿಸಿ ಲೆಕ್ಕ ಹಾಕಿದ. ನಾನೂ ತಂಗಿಯೂ ಬಾಯಿ ತೆರೆಯುವ ಮೊದಲೇ ನಮ್ಮ ಪಾಲು ನಮ್ಮ ಹೆಸರಿಗಾಯಿತು. ಈ ಅಂಗಳ ನನ್ನ ಪಾಲಿನದ್ದು. ಸೋಸನ್ ವಿಷಯದಲ್ಲಿ ಅಣ್ಣ ತಮ್ಮಂದಿರು ತಮ್ಮ ಪಾಲಿನಿಂದ ನಮಗೆ ಬಿಟ್ಟುಕೊಟ್ಟಿದ್ದಾರೆ. ಕೊಡಬೇಕಾದ್ದನ್ನು ಕೊಟ್ಟ ಮೇಲೆ ಬಿಟ್ಟುಕೊಟ್ಟರೆ ಅದಕ್ಕೊಂದು ಸೊಗಸಿದೆ."

ಅವರು ಅದನ್ನು ಸಹಜವಾಗಿ ಹೇಳಿ ಚಹಾ ತರಲು ಒಳಗೆ ಹೋದರು. ನಾನು ಮಾತ್ರ ಅಲ್ಲೇ ಕುಳಿತುಬಿಟ್ಟೆ.

ಸಹೋದರಿಯರೇ, ಈ ಮಾತನ್ನು ಬರೆಯಲೋ ಬೇಡವೋ ಎಂದು ಯೋಚಿಸಿದ್ದೇನೆ. ನಾನು ಮದ್ರಸದಲ್ಲಿ ಹಿರಿಯ ವಿದ್ಯಾರ್ಥಿನಿಯರಿಗೆ ಫರಾಯಿಝ್ ಕಲಿಸುತ್ತೇನೆ. ಅರ್ಧ, ಆರನೇ ಒಂದು, ಎಂಟನೇ ಒಂದು ಎಂದು ಕಪ್ಪು ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತೇನೆ. ಆಸ್ತಿ ಅಲ್ಪವಿರಲಿ, ಅಧಿಕವಿರಲಿ ಸ್ತ್ರೀಗೆ ಅದರಲ್ಲಿ ನಿಶ್ಚಿತ ಪಾಲಿದೆ ಎಂದು ಪವಿತ್ರ ಕುರ್‌ಆನ್‌ನ ಸೂರಃ ಅನ್ನಿಸಾ ಸ್ಪಷ್ಟಪಡಿಸುತ್ತದೆ ಎಂದು ಪಾಠ ಮಾಡುತ್ತೇನೆ. ಆದರೆ ನಮ್ಮ ತಂದೆ ತಾಯಿ ಹೋದ ಮೇಲೆ ಅಣ್ಣ ಹಕ್ಕು ಬಿಡುಗಡೆ ಪತ್ರ ತಂದಾಗ ಮೊದಲು ಸಹಿ ಹಾಕಿದವಳು ನಾನೇ. ಅಣ್ಣ ಕೆಟ್ಟವನಲ್ಲ. ನಮ್ಮ ಕಡೆ ನಡೆದು ಬಂದ ರೂಢಿಯಂತೆ ಅವನು ಕೇಳಿದ. ತವರಿನ ಬಾಗಿಲು ಮುಚ್ಚದಿರಲಿ ಎಂದು ನಾನು ಬಿಟ್ಟುಕೊಟ್ಟೆ. ದೊಡ್ಡ ಮನಸ್ಸು ಮಾಡಿದೆ ಎಂದು ಒಳಗೊಳಗೇ ಖುಷಿಪಟ್ಟೆ ಕೂಡಾ.

ನನಗೊಬ್ಬಳು ತಂಗಿಯಿದ್ದಾಳೆ. ಎರಡು ಮಕ್ಕಳ ವಿಧವೆ, ಬಾಡಿಗೆ ಮನೆಯಲ್ಲಿದ್ದಾಳೆ. ಓದಿದ ಅಕ್ಕನೇ, ಅದೂ ದೀನ್ ಕಲಿತ ಅಕ್ಕನೇ ಸಹಿ ಹಾಕಿದ ಮೇಲೆ ಅವಳು ಹೇಗೆ 'ನನಗೆ ಬೇಕು' ಎಂದಾಳು? ಒಂದು ವಾರದ ನಂತರ ಅವಳೂ ಸಹಿ ಹಾಕಿದಳು. ನನ್ನ ದೊಡ್ಡ ಮನಸ್ಸಿನ ಬೆಲೆಯನ್ನು ತೆತ್ತವಳು ಅವಳು. ಶ್ರೀನಗರದ ಆ ಅಂಗಳದಲ್ಲಿ, ಮುದಿ ಗಡ್ಡೆಗಳ ರಾಶಿಯ ಪಕ್ಕ ಕುಳಿತಾಗ ನನಗೆ ಅದು ಮೊದಲ ಬಾರಿಗೆ ಸರಿಯಾಗಿ ಕಂಡಿತು.

ಅಸರ್ ನಮಾಝ್ ಮುಗಿಸಿ ಒಂದು ಕಟ್ಟು ಹಿಡಿದು ಆಪಾ ಹೊರಟರು. ಅದು ಅವರದೇ ಪಾಲು. ಅದರಲ್ಲಿ ಒಂದೆರಡು ತುಂಡು ಅವರ ತಾಯಿಯ ಕಬರ್‌ಗೆ. ಕಾಶ್ಮೀರದ ಕಬರಸ್ತಾನಗಳಲ್ಲಿ ಸೋಸನ್ ನೆಡುವುದು ಹಳೆಯ ಪದ್ಧತಿ. ಅಲ್ಲಿ ಬೆಳೆಯುವ ಸೋಸನ್‌ಗೆ ಕಾಶ್ಮೀರಿಯಲ್ಲಿ 'ಮಝಾರ್ ಮುಂಡ್' ಎಂಬ ಹೆಸರೇ ಇದೆ. ವಸಂತದಲ್ಲಿ ಇಡೀ ಕಬರಸ್ತಾನ ಬಿಳಿ ಮತ್ತು ನೇರಳೆ ಹೂಗಳಿಂದ ತುಂಬುತ್ತದೆ. ನಾವು ಸ್ತ್ರೀಯರು ಗೇಟಿನ ಬಳಿ ನಿಂತು ಸಲಾಮ್ ಹೇಳಿ ದುಆ ಮಾಡಿದೆವು. ಆಪಾರ ಅಣ್ಣನ ಮಗ ಒಳಗೆ ಹೋಗಿ ನೆಟ್ಟು ಬಂದ.

ಕಬರ್ ಮೇಲೆ ಗಿಡ ನೆಡುವ ಬಗ್ಗೆ ಉಲಮಾಗಳಲ್ಲಿ ಎರಡು ಅಭಿಪ್ರಾಯಗಳಿವೆ. ಪ್ರವಾದಿವರ್ಯರು(ಸ) ಎರಡು ಕಬರ್‌ಗಳ ಬಳಿ ಹಾದು ಹೋಗುವಾಗ ಒಂದು ಹಸಿ ಖರ್ಜೂರದ ಗರಿಯನ್ನು ತರಿಸಿ, ಅದನ್ನು ಎರಡಾಗಿ ಸೀಳಿ ಎರಡೂ ಕಬರ್‌ಗಳ ಮೇಲೆ ನೆಟ್ಟರು. ಅವು ಒಣಗುವ ತನಕ ಅವರ ಶಿಕ್ಷೆ ಹಗುರವಾಗಬಹುದೆಂದು ಆಶಿಸಿದರು ಎಂಬ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಅದು ಪ್ರವಾದಿವರ್ಯರಿಗೆ(ಸ) ಮಾತ್ರ ವಿಶೇಷವಾದುದು ಎನ್ನುವವರಿದ್ದಾರೆ, ಹಸಿರು ನೆಡಲು ಅದು ಆಧಾರ ಎನ್ನುವವರೂ ಇದ್ದಾರೆ. ನಮ್ಮ ಕರಾವಳಿಯಲ್ಲೂ ಗೋರಿಯ ತಲೆಯ ಬಳಿ ಹಸಿರು ಗಿಡ ನೆಡುವವರಿದ್ದಾರೆ. ಹೂವು ಮೃತರನ್ನು ರಕ್ಷಿಸುತ್ತದೆ ಎಂದು ಯಾರಾದರೂ ನಂಬಿದರೆ ಅದು ತಪ್ಪು. ಆಪಾ ಹಾಗೇನೂ ನಂಬಿದವರಲ್ಲ. "ಅಮ್ಮನಿಗೆ ಸಲ್ಲುವುದು ನನ್ನ ದುಆ. ಹೂವು ನೋಡಿದಾಗ ಹಾದಿಹೋಕರಿಗೆ ಮರಣದ ನೆನಪಾಗುತ್ತದೆ, ಅಷ್ಟೇ" ಎಂದರು.

ಆ ಕತ್ತಲಾಗುವ ಹೊತ್ತಿನಲ್ಲಿ ನನಗೆ ಒಂದು ವಿಷಯ ನೆನಪಾಯಿತು. ಅರೇಬಿಯದ ಯಮನ್ ಕಡೆಯಲ್ಲೂ ಒಂದು ಬಿಳಿ ಸೋಸನ್ ಇದೆ. ಮುಸ್ಲಿಮರು ಹೋದಲ್ಲೆಲ್ಲ ಅದನ್ನು ಕಬರಸ್ತಾನಗಳಿಗಾಗಿ ಕೊಂಡೊಯ್ದರು. ಹಾಗೆ ಅದು ತುರ್ಕಿ, ಉತ್ತರ ಆಫ್ರಿಕಾ, ಸ್ಪೇನ್ ತನಕ ತಲುಪಿತು. ವಿಶೇಷವೆಂದರೆ ಆ ಸೋಸನ್ ಬೀಜ ಕಟ್ಟುವುದಿಲ್ಲ. ಗಾಳಿಯೋ ಹಕ್ಕಿಯೋ ಅದನ್ನು ಹರಡಿದ್ದಲ್ಲ. ಯಾರೋ ಗಡ್ಡೆಯನ್ನು ಮುರಿದು ಇನ್ನೊಬ್ಬರ ಕೈಗೆ ಕೊಟ್ಟಿದ್ದರಿಂದ, ಅವರು ಮುರಿದು ಮತ್ತೊಬ್ಬರಿಗೆ ಕೊಟ್ಟಿದ್ದರಿಂದ ಅದು ಯಮನ್‌ನಿಂದ ಸ್ಪೇನ್‌ಗೆ ಹೋಯಿತು. ಯಾರಾದರೊಬ್ಬರು 'ಇದು ನನ್ನದು, ಹೀಗೇ ಇರಲಿ' ಎಂದು ಇಟ್ಟುಕೊಂಡಿದ್ದರೆ ಅಲ್ಲಿಗೆ ಅದರ ಪಯಣ ಮುಗಿಯುತ್ತಿತ್ತು.

ಮರುದಿನ ದಲ್ ಸರೋವರದ ದಡದ ಉದ್ಯಾನಗಳಿಗೆ ಹೋದೆವು. ಜಹಾಂಗೀರ್ 1619ರಲ್ಲಿ ಆರಂಭಿಸಿದ ಶಾಲಿಮಾರ್, ನೂರ್‌ಜಹಾನಳ ಸಹೋದರ ಆಸಫ್ ಖಾನ್ 1633ರಲ್ಲಿ ಕಟ್ಟಿಸಿದ ನಿಶಾತ್. ಚಿನಾರ್ ಮರಗಳ ಎಲೆಗಳ ಅಂಚು ಕೆಂಪಾಗತೊಡಗಿತ್ತು. ಝಬರ್ವಾನ್ ಬೆಟ್ಟದ ಬುಡದಲ್ಲಿರುವ ಟುಲಿಪ್ ಉದ್ಯಾನವನ್ನು ದಾರಿಯಿಂದಲೇ ನೋಡಿದೆವು. ಅಲ್ಲೂ ಎಪ್ರಿಲ್‌ನ ಹೂವಿಗಾಗಿ ಗಡ್ಡೆಗಳನ್ನು ನೆಡುವುದು ಹಿಮ ಬೀಳುವ ಮೊದಲೇ. ವಸಂತದಲ್ಲಿ ಬಂದು ಫೋಟೋ ತೆಗೆಯುವ ನಾವು ಈ ಕೆಲಸವನ್ನು ನೋಡುವುದೇ ಇಲ್ಲ.

ಹೊರಡುವ ದಿನ ಆಪಾ ನನಗೂ ಒಂದು ಗಡ್ಡೆ ಕೊಡಲು ಬಂದರು. ನಾನು ಕಣ್ಣು ತುಂಬಿಕೊಂಡು ಬೇಡವೆಂದೆ. ನಮ್ಮ ಕರಾವಳಿಯಲ್ಲಿ ಅದಕ್ಕೆ ಬೇಕಾದ ಚಳಿಯಿಲ್ಲ. ನಮ್ಮ ಮಳೆಗೆ ಅದು ಒಂದೇ ಜುಲೈಯಲ್ಲಿ ಕೊಳೆತು ಹೋಗುತ್ತದೆ. "ಹಾಗಾದರೆ ನೀನೇನು ತೆಗೆದುಕೊಂಡು ಹೋಗುತ್ತೀ?" ಎಂದು ಕೇಳಿದರು. ಏನು ಹೇಳಬೇಕೆಂದು ತಿಳಿಯಲಿಲ್ಲ.

ಊರಿಗೆ ಬಂದ ಮೇಲೆ ಒಂದು ಶುಕ್ರವಾರ ಅಣ್ಣನ ಮನೆಗೆ ಹೋದೆ. ನನ್ನ ಪಾಲನ್ನು ನಾನು ಕೇಳಲಿಲ್ಲ, ತಂಗಿಯದ್ದನ್ನು ಕೇಳಿದೆ. ತಪ್ಪು ನನ್ನದೂ ಇದೆ ಎಂದು ಮೊದಲೇ ಹೇಳಿದೆ. ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಅತ್ತಿಗೆ ಚಹಾ ತಂದಿಟ್ಟು ಒಳಗೆ ಹೋದರು. ಎರಡು ತಿಂಗಳು ಅವನ ಫೋನೂ ಬರಲಿಲ್ಲ. ತವರಿನ ಬಾಗಿಲು ಮುಚ್ಚಿತೆಂದೇ ಎಣಿಸಿದ್ದೆ. ಮೂರನೇ ತಿಂಗಳು ಅವನೇ ಬಂದು, ರಸ್ತೆ ಬದಿಯ ಹನ್ನೆರಡು ಸೆಂಟ್ಸ್ ಜಾಗವನ್ನು ತಂಗಿಯ ಹೆಸರಿಗೆ ಬರೆಸುತ್ತೇನೆ ಎಂದ. ಅವಳಿಗೆ ಸಲ್ಲಬೇಕಾದದ್ದು ಅಷ್ಟೇ ಅಲ್ಲ. ಬಾಕಿಯ ಬಗ್ಗೆ ಇನ್ನೂ ಮಾತು ನಡೆಯುತ್ತಿದೆ. ಆದರೆ ಜಾಗ ಅವಳ ಹೆಸರಿಗಾಗಿದೆ, ಅಲ್‌ಹಮ್ದುಲಿಲ್ಲಾಹ್. ಅಣ್ಣ ಈಗಲೂ ಪೆರ್ನಾಲ್‌ಗೆ ನಮ್ಮನ್ನು ಕರೆಯುತ್ತಾನೆ.

ಕಿಯಾಮತ್ ಬಂದೇ ಬಿಟ್ಟರೂ ಕೈಯಲ್ಲಿ ಸಸಿಯಿದ್ದರೆ, ನೆಡಲು ಸಾಧ್ಯವಿದ್ದರೆ ನೆಟ್ಟುಬಿಡಬೇಕು ಎಂಬ ಹದೀಸ್‌ನ್ನು ನಾನು ಎಷ್ಟೋ ಸಲ ಮಕ್ಕಳಿಗೆ ಕಲಿಸಿದ್ದೇನೆ. ಚಳಿ ಬರುತ್ತದೆಂದು ತಿಳಿದೂ ನೆಡುವವರನ್ನು ನೋಡಿದ್ದು ಶ್ರೀನಗರದಲ್ಲಿ.

ಎಪ್ರಿಲ್ ಕೊನೆಗೆ ಆಪಾ ಫೋಟೋ ಕಳುಹಿಸಿದರು. ಗೋಡೆಯ ಬದಿಯಲ್ಲಿ ಏಳು ಬಿಳಿ ಹೂಗಳು. ನೆಟ್ಟ ಮೊದಲ ವರ್ಷ ಹೆಚ್ಚು ಹೂ ಬಿಡುವುದಿಲ್ಲ, ಮುಂದಿನ ವರ್ಷ ನೋಡು ಎಂದು ಬರೆದಿದ್ದರು. ನಾನು ದಫನ ಮಾಡಿ, ಅವರು ಮತ್ತೆ ಮೇಲೆತ್ತಿ ನೆಟ್ಟ ಗಿಡ ಹೂ ಬಿಟ್ಟಿದೆಯೇ ಎಂದು ಕೇಳಿದೆ. "ಇಲ್ಲ, ಆದರೆ ಬದುಕಿದೆ. ಪಕ್ಕದಲ್ಲಿ ಎರಡು ಮರಿ ಬಂದಿವೆ" ಎಂದು ಉತ್ತರ ಬಂತು.

ಅದನ್ನು ತಂಗಿಗೆ ಓದಿ ಹೇಳಿದೆ. ಅವಳು ತನ್ನ ಹನ್ನೆರಡು ಸೆಂಟ್ಸ್‌ನ ಬೇಲಿಯ ಬಳಿ ಮದರಂಗಿಯ ಗೆಲ್ಲು ಊರುತ್ತಿದ್ದಳು. ಮಳೆ ಹಿಡಿಯಲು ಇನ್ನು ಒಂದು ತಿಂಗಳಿತ್ತು.